ಆಯ್ದ ಮೇಧಾವಿಗಳ ಶಾಲೆ ಮತ್ತು ಊರಿನ ಸೌದೆ

(ಹಳ್ಳಿಮೈಸೂರಿನಲ್ಲಿ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಪ್ರತಿ ವರ್ಷ ಸಿ.ಇ.ಟಿ. ಫಲಿತಾಂಶ ಪ್ರಕಟವಾದಾಗ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಹಳ್ಳಿಹಳ್ಳಿಯಲ್ಲಿಯೂ ಒಂದು ಪ್ರಶ್ನೆ ಕೇಳಿಬರುತ್ತದೆ: ಎಷ್ಟನೆಯ ರ‍್ಯಾಂಕು? ಎರಡನೆಯ ಪ್ರಶ್ನೆ, ಯಾವ ಕಾಲೇಜು? ಮೂರನೆಯದು, ಸಂಬಳವೆಷ್ಟು? ಆಯ್ಕೆಯಾದ ಆ ಹುಡುಗನೋ ಹುಡುಗಿಯೋ ಕಲಿತ ವಿದ್ಯೆಯಿಂದ ಯಾವ ಕೆಲಸವಾಗಬೇಕು ಎಂಬ ನಾಲ್ಕನೆಯ ಪ್ರಶ್ನೆಯನ್ನು ಕೇಳುವವರು ವಿರಳ. ಇಂದಿನ ಉಪನ್ಯಾಸದ ವಿಷಯ ಆ ನಾಲ್ಕನೆಯ ಪ್ರಶ್ನೆ. ಕಠಿಣ ಪರೀಕ್ಷೆಯಿಂದ ಎಂಜಿನಿಯರುಗಳನ್ನು ಆಯ್ದು ತರಬೇತು ಮಾಡುವ ಪದ್ಧತಿ ಮೊದಲು ಗಟ್ಟಿಯಾಗಿ ಬೇರೂರಿದ ಫ್ರಾನ್ಸ್ ದೇಶದಲ್ಲಿ ಆ ವಿದ್ಯೆ ಬೆಟ್ಟದ ಜನರಿಗೆ ಏನು ಮಾಡಿತು, ಕರ್ನಾಟಕದಲ್ಲಿ ಅಂಥದೇ ಒಂದು ಸಂಸ್ಥೆ ಹಳ್ಳಿಯ ಒಲೆಯ ಬಳಿಗೆ ಹೇಗೆ ಬಂದಿತು, ಈ ಸೀಮೆಯಲ್ಲಿ ಅಂಥ ವಿದ್ಯೆಗೆ ಕಾದಿರುವ ಕೆಲಸ ಯಾವುದು ಎಂಬ ಮೂರು ಸಂಗತಿಗಳನ್ನು ಕ್ರಮವಾಗಿ ನೋಡಬಹುದು.

ಫ್ರಾನ್ಸಿನ ಶಾಲೆಗಳು

1747ರಲ್ಲಿ, ದೊರೆ ಹದಿನೈದನೆಯ ಲೂಯಿಯ ಕಾಲದಲ್ಲಿ, ಪ್ಯಾರಿಸಿನಲ್ಲಿ ಸೇತುವೆ ಮತ್ತು ರಸ್ತೆಗಳ ಶಾಲೆ ಆರಂಭವಾಯಿತು. ಪೆರೋನೆ ಎಂಬ ಪ್ರಸಿದ್ಧ ಸೇತುವೆ ನಿರ್ಮಾತೃ ಅದರ ಮೊದಲ ನಿರ್ದೇಶಕ. 1783ರಲ್ಲಿ ಗಣಿಶಾಸ್ತ್ರದ ಶಾಲೆ ಹುಟ್ಟಿತು. ಮಹಾಕ್ರಾಂತಿಯ ನಂತರ 1794ರಲ್ಲಿ ಎಕೋಲ್ ಪಾಲಿಟೆಕ್ನಿಕ್ ಸ್ಥಾಪನೆಯಾಯಿತು. ಹುಟ್ಟು, ಕುಲ, ಶಿಫಾರಸುಗಳನ್ನು ಬದಿಗಿಟ್ಟು ಗಣಿತದ ಪರೀಕ್ಷೆಯೊಂದರಿಂದಲೇ ಪ್ರವೇಶ ನೀಡಬೇಕೆಂಬುದು ಅದರ ನಿಯಮ. ಇಂದಿಗೂ ಆ ದೇಶದಲ್ಲಿ ಪ್ರೌಢಶಿಕ್ಷಣ ಮುಗಿಸಿದ ವಿದ್ಯಾರ್ಥಿಗಳು ಎರಡು ಮೂರು ವರ್ಷ ವಿಶೇಷ ಸಿದ್ಧತಾ ತರಗತಿಗಳಲ್ಲಿ ಹಗಲಿರುಳು ಓದಿ, ಸ್ಪರ್ಧಾ ಪರೀಕ್ಷೆ ಬರೆದು, ಕ್ರಮಾಂಕದ ಮೇಲೆ ಇಂಥ ಶಾಲೆಗಳಿಗೆ ಸೇರುತ್ತಾರೆ. ಪದವಿ ಪಡೆದವರಲ್ಲಿ ಅನೇಕರು ಸರ್ಕಾರದ ಉನ್ನತ ಹುದ್ದೆಗಳಿಗೂ ದೊಡ್ಡ ಉದ್ಯಮಗಳಿಗೂ ಹೋಗುತ್ತಾರೆ.

ಈ ಪದ್ಧತಿಯ ಗುಣವೂ ದೋಷವೂ ಅದರ ಆಯ್ಕೆಯಲ್ಲಿಯೇ ಇವೆ. ಬಡವನ ಮಗನೂ ಗಣಿತ ಬಲ್ಲವನಾದರೆ ಒಳಹೋಗಬಹುದು ಎಂಬುದು ಗುಣ. ಆದರೆ ಆ ಪರೀಕ್ಷೆಗೆ ಬೇಕಾದ ಭಾಷೆ, ಬಿಡುವು, ಮನೆಯ ವಾತಾವರಣಗಳು ಉಳ್ಳವರ ಮಕ್ಕಳಿಗೇ ಹೆಚ್ಚಾಗಿ ದೊರೆಯುವುದರಿಂದ, ಸಮಾನವೆಂದು ತೋರುವ ಪರೀಕ್ಷೆಯೇ ಹೊಸದೊಂದು ಕುಲೀನ ವರ್ಗವನ್ನು ಸೃಷ್ಟಿಸುತ್ತದೆ ಎಂದು ಸಮಾಜಶಾಸ್ತ್ರಜ್ಞ ಪಿಯರ್ ಬೂರ್ದಿಯೂ 1989ರ ತನ್ನ ಗ್ರಂಥದಲ್ಲಿ ವಾದಿಸಿದನು. ಕೋಚಿಂಗ್ ತರಗತಿಗಳ ಶುಲ್ಕ ಕಟ್ಟಲು ಹಸು ಮಾರಿದ ಮನೆಗಳಿಗೆ ಈ ಮಾತು ವಿವರಣೆಯಿಲ್ಲದೆ ಅರ್ಥವಾಗುತ್ತದೆ.

ಹಾಗಾದರೆ ಇಂಥ ಶಾಲೆಯಿಂದ ಹೊರಬಂದವನು ಬೆಟ್ಟಕ್ಕೆ ಬಂದರೆ ಏನಾಗುತ್ತದೆ? ಅದಕ್ಕೆ ಅಲೆಕ್ಸಾಂದ್ರ್ ಸ್ಯುರೆಲ್ ಎಂಬ ಎಂಜಿನಿಯರನ ಕಥೆ ಉತ್ತಮ ನಿದರ್ಶನ. ಸೇತುವೆ ಮತ್ತು ರಸ್ತೆಗಳ ಇಲಾಖೆಗೆ ಸೇರಿದ ಈ ತರುಣನನ್ನು ಆಲ್ಪ್ಸ್ ಪರ್ವತದ ಮೇಲಣ ಜಿಲ್ಲೆಗೆ ಕಳುಹಿಸಲಾಯಿತು. ಅಲ್ಲಿ ಮಳೆಗಾಲದ ಹಳ್ಳಗಳು ಹಠಾತ್ತಾಗಿ ಉಕ್ಕಿ, ಕಲ್ಲು ಮಣ್ಣು ಹೊತ್ತು ತಂದು, ರಸ್ತೆ, ಸೇತುವೆ, ಹೊಲಗಳನ್ನು ಮುಚ್ಚಿಹಾಕುತ್ತಿದ್ದವು. ಕಟ್ಟಿದ ಸೇತುವೆಯನ್ನು ಮತ್ತೆ ಮತ್ತೆ ಕಟ್ಟುವುದೇ ಇಲಾಖೆಯ ಕೆಲಸವಾಗಿತ್ತು. ಸ್ಯುರೆಲ್ ಸೇತುವೆಯ ಬುಡದಲ್ಲಿ ನಿಲ್ಲದೆ ಹಳ್ಳದ ಜಾಡು ಹಿಡಿದು ಮೇಲಕ್ಕೆ ಹತ್ತಿದನು. ಹಳ್ಳಕ್ಕೆ ಮೂರು ಭಾಗಗಳಿರುವುದನ್ನು ಗುರುತಿಸಿದನು: ಮೇಲೆ ನೀರು ಕೂಡಿಕೊಳ್ಳುವ ಬೋಗುಣಿಯಂಥ ಜಾಗ, ನಡುವೆ ನೀರು ನುಗ್ಗುವ ಇಕ್ಕಟ್ಟಾದ ಕಣಿವೆ, ಕೆಳಗೆ ಕಲ್ಲು ಮಣ್ಣು ಬೀಸಣಿಗೆಯಂತೆ ಹರಡುವ ಬಯಲು. ನಷ್ಟವು ಕೆಳಗೆ ಕಾಣುತ್ತದೆ, ಕಾರಣವು ಮೇಲಿದೆ. ಕಾಡು ಕಳೆದುಕೊಂಡ ಇಳಿಜಾರಿನಲ್ಲಿ ಹೊಸ ಹಳ್ಳಗಳು ಹುಟ್ಟುತ್ತವೆ, ಕಾಡು ಮರಳಿದ ಕಡೆ ಅವು ಶಾಂತವಾಗುತ್ತವೆ ಎಂದು 1841ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಅವನು ತೋರಿಸಿದನು. ಸೇತುವೆಯ ಎಂಜಿನಿಯರನೊಬ್ಬನು ಸೇತುವೆಯ ರಕ್ಷಣೆಗೆ ಮರ ಬೇಕೆಂದು ಹೇಳಿದ್ದು ಆ ಕಾಲಕ್ಕೆ ದೊಡ್ಡ ಮಾತು.

ಕಥೆ ಇಲ್ಲಿಗೆ ಮುಗಿದಿದ್ದರೆ ಸುಖಾಂತವಾಗುತ್ತಿತ್ತು. ದೊಡ್ಡ ಪ್ರವಾಹಗಳ ನಂತರ ಫ್ರೆಂಚ್ ಸರ್ಕಾರ 1860ರಲ್ಲಿ ಪರ್ವತಗಳಲ್ಲಿ ಅರಣ್ಯ ಬೆಳೆಸುವ ಕಾಯಿದೆ ಮಾಡಿತು. ಆದರೆ ಗಿಡ ನೆಡಲು ಆಯ್ದುಕೊಂಡ ಇಳಿಜಾರುಗಳು ಹಳ್ಳಿಗರ ಕುರಿಗಳ ಹುಲ್ಲುಗಾವಲುಗಳಾಗಿದ್ದವು. ಬೆಟ್ಟದ ಜನರನ್ನು ಕೇಳದೆ ಮೇಲಿನಿಂದ ಬಂದ ಆಜ್ಞೆಗೆ ಬೆಟ್ಟದ ಜನರು ತಿರುಗಿಬಿದ್ದರು. ಸರ್ಕಾರ 1864ರಲ್ಲಿ ಮರದ ಬದಲು ಹುಲ್ಲು ಬೆಳೆಸಲೂ ಅವಕಾಶವಿತ್ತು ಹೊಸ ಕಾಯಿದೆ ಮಾಡಬೇಕಾಯಿತು. 1882ರಲ್ಲಿ ಮತ್ತೊಂದು ಕಾಯಿದೆ ಬಂದು, ನಿಜವಾಗಿ ಅಪಾಯದಲ್ಲಿರುವ ಇಳಿಜಾರುಗಳಿಗೆ ಮಾತ್ರ ಕಾರ್ಯ ಸೀಮಿತವಾಯಿತು. ಶಾಸ್ತ್ರ ಸರಿಯಾಗಿತ್ತು, ಹುಲ್ಲುಗಾವಲಿನವರ ಮಾತು ಲೆಕ್ಕಕ್ಕೆ ಬಾರದ ಕಾರಣ ಆ ಶಾಸ್ತ್ರ ಇಪ್ಪತ್ತು ವರ್ಷ ತಡವಾಗಿ ಬೆಟ್ಟಕ್ಕೆ ಒಗ್ಗಿತು.

ಆ ವಿದ್ಯೆ ಈ ದೇಶಕ್ಕೆ ಬಂದ ದಾರಿ

ಫ್ರಾನ್ಸಿನ ನಾನ್ಸಿ ಪಟ್ಟಣದಲ್ಲಿ 1824ರಲ್ಲಿ ಅರಣ್ಯಶಾಸ್ತ್ರದ ಶಾಲೆ ಸ್ಥಾಪಿತವಾಗಿತ್ತು. ಭಾರತದ ಅರಣ್ಯಗಳ ಮೊದಲ ಮಹಾನಿರೀಕ್ಷಕನಾಗಿ 1864ರಲ್ಲಿ ನೇಮಕಗೊಂಡ ಡೀಟ್ರಿಕ್ ಬ್ರಾಂಡಿಸ್, ಭಾರತದ ಅರಣ್ಯ ಇಲಾಖೆಗೆ ಆಯ್ಕೆಯಾದ ಬ್ರಿಟಿಷ್ ತರುಣರನ್ನು 1867ರಿಂದ ಫ್ರಾನ್ಸ್ ಮತ್ತು ಜರ್ಮನಿಗೆ ತರಬೇತಿಗೆ ಕಳುಹಿಸುವ ಏರ್ಪಾಡು ಮಾಡಿದನು. 1880ರ ದಶಕದ ಮಧ್ಯದವರೆಗೆ ಇಲ್ಲಿನ ಅರಣ್ಯಾಧಿಕಾರಿಗಳಲ್ಲಿ ಅನೇಕರು ನಾನ್ಸಿಯಲ್ಲಿ ಓದಿದವರು. ಮೈಸೂರು ಸಂಸ್ಥಾನದಲ್ಲಿಯೂ 1864ರಲ್ಲಿ ಅರಣ್ಯ ಇಲಾಖೆ ಆರಂಭವಾಯಿತು. ಮೀಸಲು ಅರಣ್ಯ, ಗಡಿಕಲ್ಲು, ಪರವಾನಗಿ, ಕೂಪು ಮೊದಲಾದ ಮಾತುಗಳು ಮಲೆನಾಡಿನ ದಿನಚರಿಗೆ ಸೇರಿದ್ದು ಆ ಕಾಲದಲ್ಲಿ. ಫ್ರಾನ್ಸಿನ ಬೆಟ್ಟದವರು ದಂಗೆಯೆದ್ದು ಪಡೆದ ರಿಯಾಯಿತಿಯ ಪಾಠ ಮಾತ್ರ ಆ ತರಬೇತಿಯ ಜೊತೆಗೆ ಇಲ್ಲಿಗೆ ಬಂದಂತೆ ಕಾಣುವುದಿಲ್ಲ. 1878ರ ಅರಣ್ಯ ಕಾಯಿದೆ ಹಳ್ಳಿಗರ ಬಳಕೆಯನ್ನು ಹಕ್ಕೆಂದು ಪರಿಗಣಿಸದೆ, ಸರ್ಕಾರ ದಯಪಾಲಿಸಿದ ಸೌಲಭ್ಯವೆಂದು ಪರಿಗಣಿಸಿತು.

ಎಂಜಿನಿಯರಿಂಗ್ ವಿದ್ಯೆಯೂ ಹೀಗೆಯೇ ಬಂದಿತು. ಗಂಗಾ ಕಾಲುವೆಯ ಕೆಲಸಕ್ಕೆ ಜನ ಬೇಕಾದಾಗ 1847ರಲ್ಲಿ ರೂರ್ಕಿಯ ಕಾಲೇಜು ಹುಟ್ಟಿತು. ಪುಣೆಯಲ್ಲಿ ಓದಿದ ಸರ್ ಎಂ. ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾಗಿದ್ದಾಗ 1917ರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜನ್ನು ಆರಂಭಿಸಿದರು. ಹಾಸನದ ಮಲೆನಾಡು ಎಂಜಿನಿಯರಿಂಗ್ ಕಾಲೇಜು 1960ರಲ್ಲಿ ಬಂದಿತು. ಕಾಲುವೆ, ಅಣೆಕಟ್ಟು, ರಸ್ತೆ, ವಿದ್ಯುತ್ತು ಇವೇ ಆ ಕಾಲದ ಎಂಜಿನಿಯರನ ಕೆಲಸ. ಆ ಕೆಲಸದಿಂದ ದೊರೆತ ಅನ್ನವನ್ನು ಅಲ್ಲಗಳೆಯಲಾಗದು. ಗೊರೂರಿನಲ್ಲಿ 1979ರಲ್ಲಿ ಪೂರ್ಣಗೊಂಡ ಹೇಮಾವತಿ ಅಣೆಕಟ್ಟು ಸುಮಾರು 37 ಟಿಎಂಸಿ ನೀರು ಹಿಡಿಯುತ್ತದೆ. ಅದೇ ನೀರಿನಲ್ಲಿ ಮುಳುಗಿದ ಊರುಗಳ ಗುರುತಾಗಿ, ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಕಟ್ಟಿಸಿದ ಶೆಟ್ಟಿಹಳ್ಳಿಯ ಇಗರ್ಜಿ ಇಂದಿಗೂ ಮಳೆಗಾಲದಲ್ಲಿ ಅರ್ಧ ಮುಳುಗಿ ಬೇಸಗೆಯಲ್ಲಿ ಮೇಲೆದ್ದು ನಿಲ್ಲುತ್ತದೆ. ಅಣೆಕಟ್ಟಿನ ಲೆಕ್ಕಪತ್ರದಲ್ಲಿ ನೀರಿನ ಪ್ರಮಾಣಕ್ಕೆ ಒಂದು ಅಂಕಣವಿದ್ದಂತೆ, ಊರು ಬಿಟ್ಟವರ ಬದುಕಿಗೂ ಒಂದು ಅಂಕಣ ಇರಬೇಕೆಂಬ ಅರಿವು ಬಹಳ ತಡವಾಗಿ ಮೂಡಿತು.

ಟಾಟಾ ಸಂಸ್ಥೆಯಿಂದ ಉಂಗ್ರಕ್ಕೆ

ಫ್ರಾನ್ಸಿನ ಆಯ್ದ ಶಾಲೆಗಳಿಗೆ ಹೋಲಿಸಬಹುದಾದ ಸಂಸ್ಥೆ ಕರ್ನಾಟಕದಲ್ಲಿ ಯಾವುದೆಂದರೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ. ಜೆ.ಎನ್. ಟಾಟಾ ಅವರ ದಾನ, ಮೈಸೂರು ಅರಮನೆಯಿತ್ತ 371 ಎಕರೆ ಭೂಮಿ, ಇವುಗಳಿಂದ 1909ರಲ್ಲಿ ಅದು ಅಸ್ತಿತ್ವಕ್ಕೆ ಬಂದು 1911ರಲ್ಲಿ ಮೊದಲ ವಿದ್ಯಾರ್ಥಿಗಳನ್ನು ಸೇರಿಸಿಕೊಂಡಿತು. ಜನಸಾಮಾನ್ಯರ ಬಾಯಲ್ಲಿ ಅದು ಇಂದಿಗೂ ಟಾಟಾ ಸಂಸ್ಥೆ. ಎಂಜಿನಿಯರಿಂಗ್ ಪದವಿ ಮುಗಿಸಿದವರು ಮತ್ತೊಂದು ಕಠಿಣ ಪರೀಕ್ಷೆ ಬರೆದು ಅಲ್ಲಿ ಉನ್ನತ ವ್ಯಾಸಂಗಕ್ಕೆ ಸೇರುತ್ತಾರೆ. ವಿಮಾನ, ಲೋಹ, ವಿದ್ಯುತ್ತು, ಪರಮಾಣು ಮೊದಲಾದ ಕ್ಷೇತ್ರಗಳಲ್ಲಿ ಹೆಸರಾದ ಈ ಸಂಸ್ಥೆಯಲ್ಲಿ 1974ರಲ್ಲಿ ವಿಚಿತ್ರವಾದೊಂದು ಕಾರ್ಯ ಆರಂಭವಾಯಿತು. ಅದರ ಹೆಸರು ಅಸ್ತ್ರ. ಗ್ರಾಮೀಣ ಪ್ರದೇಶಗಳಿಗೆ ವಿಜ್ಞಾನ ಮತ್ತು ತಂತ್ರಜ್ಞಾನದ ಅನ್ವಯ ಎಂಬರ್ಥದ ಇಂಗ್ಲಿಷ್ ಪದಗಳ ಮೊದಲಕ್ಷರಗಳಿಂದ ಆ ಹೆಸರು ಬಂದಿತು.

ಅದರ ಮುಂದಾಳು ಡಾ. ಅಮೂಲ್ಯ ಕೆ.ಎನ್. ರೆಡ್ಡಿಯವರು ವಿದ್ಯುತ್‌ರಸಾಯನಶಾಸ್ತ್ರದ ವಿದ್ವಾಂಸರು. ಆ ಶಾಸ್ತ್ರದ ಮೇಲೆ ಅವರು ಸಹಲೇಖಕರಾಗಿ ಬರೆದ ಗ್ರಂಥ 1970ರಲ್ಲಿ ಪ್ರಕಟವಾಗಿ ಜಗತ್ತಿನ ವಿಶ್ವವಿದ್ಯಾಲಯಗಳಲ್ಲಿ ಪಠ್ಯವಾಯಿತು. ಅಂಥವರು ಸಗಣಿ, ಸೌದೆ, ಮಣ್ಣಿನ ಇಟ್ಟಿಗೆಗಳ ಕಡೆಗೆ ತಿರುಗಿದ್ದು ಅನೇಕರಿಗೆ ಸೋಜಿಗವೆನಿಸಿತು. ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅಸ್ತ್ರದ ವಿಸ್ತರಣಾ ಕೇಂದ್ರ ಸ್ಥಾಪನೆಯಾಯಿತು. ಆ ಸುತ್ತಿನ ಆರು ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ, ಯಾವ ಕೆಲಸಕ್ಕೆ ಯಾವ ಶಕ್ತಿ ಎಷ್ಟು ಖರ್ಚಾಗುತ್ತದೆ ಎಂದು ಅಳೆದರು. ಸೌದೆ ತೂಗಿದರು. ಹೆಂಗಸರು ಸೌದೆಗೂ ನೀರಿಗೂ ನಡೆದ ದೂರ, ಕಳೆದ ಹೊತ್ತು, ಮಕ್ಕಳು ದನ ಕಾಯ್ದ ಗಂಟೆಗಳು ಎಲ್ಲವನ್ನೂ ಬರೆದುಕೊಂಡರು.

ಆ ಅಳತೆಯಿಂದ ತಿಳಿದದ್ದು ಮೂರು ಸಂಗತಿ. ಮೊದಲನೆಯದು, ಹಳ್ಳಿಯ ಶಕ್ತಿಯ ನೂರರಲ್ಲಿ ಎಂಬತ್ತಕ್ಕೂ ಮಿಕ್ಕ ಪಾಲು ಸೌದೆಯಿಂದ ಬರುತ್ತಿತ್ತು, ಅದರ ಬಹುಭಾಗ ಅಡುಗೆಗೂ ನೀರು ಕಾಯಿಸುವುದಕ್ಕೂ ವ್ಯಯವಾಗುತ್ತಿತ್ತು. ವಿದ್ಯುತ್ತಿನ ಪಾಲು ಅತ್ಯಲ್ಪ. ಎರಡನೆಯದು, ಮನೆಯೊಲೆಗೆ ಬರುತ್ತಿದ್ದ ಸೌದೆಯಲ್ಲಿ ಹೆಚ್ಚಿನದು ಆಯ್ದು ತಂದ ಪುಳ್ಳೆ, ಒಣಕಡ್ಡಿ, ಉದುರಿದ ಕೊಂಬೆ. ಆದುದರಿಂದ ಬಡವರ ಒಲೆಯೇ ಕಾಡು ನುಂಗಿತೆಂಬ ಆರೋಪಕ್ಕೆ ಆ ಹಳ್ಳಿಗಳಲ್ಲಿ ಆಧಾರವಿರಲಿಲ್ಲ. ಮೂರನೆಯದು, ಯಾವ ಸರ್ಕಾರಿ ಲೆಕ್ಕದಲ್ಲಿಯೂ ಕಾಣದ ಹೆಂಗಸರ ಮತ್ತು ಮಕ್ಕಳ ಶ್ರಮವೇ ಹಳ್ಳಿಯ ಶಕ್ತಿ ವ್ಯವಸ್ಥೆಯ ಬೆನ್ನೆಲುಬಾಗಿತ್ತು.

ಇದರ ಫಲವೇ ಮಲೆನಾಡಿನ ಅನೇಕ ಅಡುಗೆಮನೆಗಳು ಕಂಡ ಅಸ್ತ್ರ ಒಲೆ. ಮೂರುಕಲ್ಲಿನ ಒಲೆಯಲ್ಲಿ ಉರಿ ನಾಲ್ಕು ಕಡೆಗೂ ಹರಡಿ, ಶಾಖದಲ್ಲಿ ನೂರಕ್ಕೆ ಹತ್ತು ಹದಿನೈದು ಭಾಗವಷ್ಟೇ ಪಾತ್ರೆಗೆ ತಲುಪುತ್ತದೆ. ಅಸ್ತ್ರ ಒಲೆಯಲ್ಲಿ ಉರಿಗೂಡನ್ನು ಮುಚ್ಚಿ, ಬಾಯಿಗೆ ಬಾಗಿಲಿಟ್ಟು, ಸೌದೆಯ ಕೆಳಗೆ ಜಾಲರಿ ಹಾಕಿದರು. ಗಾಳಿ ಜಾಲರಿಯ ಕೆಳಗಿನಿಂದ ಅಳತೆಯಾಗಿ ಬಂದು ಸೌದೆ ಪೂರ್ಣವಾಗಿ ಉರಿಯುತ್ತದೆ. ಬಿಸಿ ಹೊಗೆ ಮೊದಲ ಪಾತ್ರೆಯನ್ನು ಕಾಯಿಸಿ, ಎರಡನೆಯದರ ತಳ ಸವರಿ, ಮೂರನೆಯ ಪಾತ್ರೆಯ ನೀರನ್ನು ಬೆಚ್ಚಗೆ ಮಾಡಿ, ಕೊನೆಗೆ ಕೊಳವೆಯಿಂದ ಮಾಡಿನಾಚೆಗೆ ಹೋಗುತ್ತದೆ. ಸೌದೆ ಉಳಿಯಿತು, ಕಣ್ಣುರಿ ತಪ್ಪಿತು. ಇದರಲ್ಲಿ ಬಳಸಿದ ಶಾಸ್ತ್ರ ಬಾಯ್ಲರಿಗೂ ರೈಲಿನ ಎಂಜಿನಿಗೂ ಬಳಸುವ ಶಾಸ್ತ್ರವೇ.

ಸೋಲುಗಳೂ ಇದ್ದವು, ಅವುಗಳನ್ನು ಹೇಳದೆ ಬಿಡುವುದು ಸತ್ಯಕ್ಕೆ ಅಪಚಾರ. ಅಳತೆ ಒಂದೆರಡು ಅಂಗುಲ ತಪ್ಪಿದರೂ ಒಲೆ ಸರಿಯಾಗಿ ಉರಿಯುತ್ತಿರಲಿಲ್ಲ. ತರಬೇತಿ ಪಡೆದ ಗಾರೆಯವನಿಲ್ಲದೆ, ಗುರಿ ಮುಟ್ಟುವ ಅವಸರದಲ್ಲಿ ಕಟ್ಟಿದ ಒಲೆಗಳು ಬೇಗ ಮೂಲೆ ಸೇರಿದವು. ಉಂಗ್ರದ ಬಳಿಯ ಪುರ ಎಂಬ, ನೂರಕ್ಕೂ ಕಡಿಮೆ ಮನೆಗಳ ಹಳ್ಳಿಯಲ್ಲಿ ಊರಿಗೆಲ್ಲ ಸೇರಿ ಗೋಬರ್ ಅನಿಲ ಸ್ಥಾವರ ಕಟ್ಟಿದರು. ಅಡುಗೆಗೆ ಅನಿಲ ಕೊಡಬೇಕೆಂಬುದು ತಜ್ಞರ ಯೋಜನೆ. ಊರ ಎಲ್ಲ ಮನೆಗಳ ಅಡುಗೆಗೆ ಬೇಕಾಗುವಷ್ಟು ಅನಿಲ ದೊರೆಯದೆ ಅದು ವಿಫಲವಾಯಿತು. ತಜ್ಞರು ಆಗ ಊರವರ ಬಳಿ ಕುಳಿತು ಅವರಿಗೇನು ಬೇಕೆಂದು ಕೇಳಿದರು. ಊರವರು ಕೇಳಿದ್ದು ಕುಡಿಯುವ ನೀರು. 1987ರಿಂದ ಅದೇ ಅನಿಲದಿಂದ ಎಂಜಿನ್ ನಡೆಸಿ, ವಿದ್ಯುತ್ ತಯಾರಿಸಿ, ಕೊಳವೆ ಬಾವಿಯ ನೀರನ್ನು ನಲ್ಲಿಗಳಿಗೂ ಬೆಳಕನ್ನು ಮನೆಗಳಿಗೂ ಕೊಟ್ಟರು. ಸಗಣಿ ತಂದವರಿಗೆ ತೂಕದ ಮೇಲೆ ಹಣ, ಬಗ್ಗಡ ಮರಳಿ ಹೊಲಕ್ಕೆ, ಮೇಲ್ವಿಚಾರಣೆ ಊರ ಸಭೆಗೆ. ಆ ವ್ಯವಸ್ಥೆ ಹಲವು ವರ್ಷ ನಡೆಯಿತು. ಪ್ರಶ್ನೆಯನ್ನು ಊರವರು ಕೇಳಿದಾಗ ಸಫಲವಾದ ಯಂತ್ರವೇ, ತಜ್ಞರು ತಾವೇ ಪ್ರಶ್ನೆ ಹಾಕಿಕೊಂಡಾಗ ವಿಫಲವಾಗಿತ್ತು.

ಇದೇ ಸಂಸ್ಥೆಯ ಮಾಧವ ಗಾಡ್ಗೀಳರಿಗೆ 1975ರ ಸುಮಾರಿಗೆ ಬಿದಿರಿನ ಅಧ್ಯಯನ ಒಪ್ಪಿಸಲಾಯಿತು. ಕಾಗದದ ಕಾರ್ಖಾನೆಗಳಿಗೆ ಸರ್ಕಾರ ಟನ್ನಿಗೆ ಒಂದೂವರೆ ರೂಪಾಯಿಯಷ್ಟು ಅಗ್ಗವಾಗಿ ಬಿದಿರು ಕೊಟ್ಟಿದ್ದ ಕಾಲವದು. ಬುಟ್ಟಿ ಹೆಣೆಯುವ ಮೇದರಿಗೆ ಪೇಟೆಯಲ್ಲಿ ಅದೇ ಬಿದಿರು ಸಾವಿರಗಳ ಲೆಕ್ಕದಲ್ಲಿ ದೊರೆಯುತ್ತಿತ್ತು. ಬಿದಿರು ಮೆಳೆಯ ಬುಡದ ಮುಳ್ಳನ್ನು ಸವರಿ ಚೊಕ್ಕಟ ಮಾಡಿದರೆ ಮೆಳೆ ಚೆನ್ನಾಗಿ ಬೆಳೆಯುವುದೆಂಬುದು ಕಾರ್ಖಾನೆಯವರ ನಂಬಿಕೆ. ಮುಳ್ಳು ಸವರಿದರೆ ಎಳೆಯ ಕಳಲೆ ದನಕ್ಕೂ ಕಾಡುಪ್ರಾಣಿಗೂ ಆಹಾರವಾಗುತ್ತದೆ ಎಂದು ಹಳ್ಳಿಗರು ಹೇಳಿದರು. ಅಳೆದು ನೋಡಿದಾಗ ಹಳ್ಳಿಗರ ಮಾತೇ ನಿಜವಾಯಿತು. 1983ರಲ್ಲಿ ಆ ಸಂಸ್ಥೆಯಲ್ಲಿ ಪರಿಸರ ವಿಜ್ಞಾನ ಕೇಂದ್ರ ಆರಂಭವಾಯಿತು. ಗಾಡ್ಗೀಳರ ಅಧ್ಯಕ್ಷತೆಯ ಪಶ್ಚಿಮಘಟ್ಟ ತಜ್ಞರ ಸಮಿತಿ 2011ರಲ್ಲಿ ಸಲ್ಲಿಸಿದ ವರದಿ, ಹಾಸನ ಜಿಲ್ಲೆಯ ಗಡಿಯ ಗುಂಡ್ಯ ಜಲವಿದ್ಯುತ್ ಯೋಜನೆಗೆ ಅನುಮತಿ ನೀಡಬಾರದೆಂದು ಶಿಫಾರಸು ಮಾಡಿತು.

ಈ ಸೀಮೆಯ ಪ್ರಶ್ನೆಗಳು

ಇನ್ನು ಹಳ್ಳಿಮೈಸೂರಿನ ಸುತ್ತಮುತ್ತಲ ಮಾತು. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಹೊಗೆಸೊಪ್ಪಿನ ಹರಾಜು ಮಾರುಕಟ್ಟೆಯಿದೆ. ಅಲ್ಲಿಗೆ ಹೋಗುವ ಸೊಪ್ಪು ಮೊದಲು ಬ್ಯಾರನ್ನಿನಲ್ಲಿ ಹದಗೊಳ್ಳಬೇಕು. ಹೊರಗಿನ ಒಲೆಯಲ್ಲಿ ಸೌದೆ ಉರಿಸಿ, ಬಿಸಿ ಹೊಗೆಯನ್ನು ತಗಡಿನ ಕೊಳವೆಗಳಲ್ಲಿ ನೆಲದ ಮೇಲೆ ಹಾಯಿಸಿ, ಕೋಲಿಗೆ ಕಟ್ಟಿ ತೂಗುಹಾಕಿದ ಸೊಪ್ಪನ್ನು ಐದಾರು ದಿನ ಹಗಲಿರುಳು ಕಾಯಿಸುತ್ತಾರೆ. ಒಂದು ಕಿಲೋ ಹದವಾದ ಸೊಪ್ಪಿಗೆ ಹಲವು ಕಿಲೋ ಸೌದೆ ಬೇಕು. ಮನೆಯೊಲೆಗೆ ಪುಳ್ಳೆ ಸಾಕು, ಬ್ಯಾರನ್ನಿಗೆ ಮರದ ದಿಮ್ಮಿಯೇ ಬೇಕು. ಕಾಡಿನ ಮೇಲೆ, ಬದುವಿನ ಮರಗಳ ಮೇಲೆ, ರೈತನ ಸಾಲದ ಮೇಲೆ ಒಟ್ಟಿಗೆ ಬೀಳುವ ಹೊರೆ ಇದು. ಹೊಗೆಸೊಪ್ಪನ್ನು ಬಿಡಬೇಕೇ ಎಂಬುದು ದೊಡ್ಡ ಚರ್ಚೆ; ಅದಕ್ಕೆ ಬದಲಾಗಿ ಅಷ್ಟೇ ಆದಾಯ ತರುವ ಬೆಳೆಯನ್ನು ತೋರಿಸದೆ ರೈತನಿಗೆ ಉಪದೇಶ ಮಾಡುವುದು ನ್ಯಾಯವಲ್ಲ. ಆದರೆ ಆ ಚರ್ಚೆ ಮುಗಿಯುವವರೆಗೆ ಸೌದೆ ಉರಿಯುತ್ತಲೇ ಇರುತ್ತದೆ.

ಬ್ಯಾರನ್ನಿನಲ್ಲಿ ಶಾಖ ಎಲ್ಲಿ ಸೋರುತ್ತದೆ? ಮಾಡಿನ ಹೆಂಚಿನಿಂದಲೇ, ಗೋಡೆಯ ಬಿರುಕಿನಿಂದಲೇ, ಬಾಗಿಲ ಸಂದಿನಿಂದಲೇ, ಹಸಿ ಸೌದೆಯ ನೀರು ಆರಿಸುವುದರಲ್ಲಿಯೇ, ಹೊಗೆಕೊಳವೆಯ ತುದಿಯಲ್ಲಿಯೇ? ಒಂದು ತಕ್ಕಡಿ, ಒಂದೆರಡು ಉಷ್ಣಮಾಪಕ, ಒಂದು ದಾಖಲೆ ಪುಸ್ತಕ ಇಷ್ಟಿದ್ದರೆ ಒಂದು ಹಂಗಾಮಿನಲ್ಲಿ ಇದನ್ನು ಕಂಡುಹಿಡಿಯಬಹುದು. ಉಂಗ್ರದಲ್ಲಿ ಮನೆಯೊಲೆಗೆ ಮಾಡಿದ ಕೆಲಸವನ್ನು ಪ್ರತಿ ಬ್ಯಾರನ್ನಿನ ಬಾಯಲ್ಲಿ ನಿಂತು ಮಾಡಬಹುದಾಗಿದೆ. ಕಾಲೇಜಿನ ಅಂತಿಮ ವರ್ಷದ ಪ್ರಾಜೆಕ್ಟ್ ವರದಿಯನ್ನು ಪೇಟೆಯ ಅಂಗಡಿಯಲ್ಲಿ ಕೊಳ್ಳುವ ಚಾಳಿ ಇರುವ ಈ ದಿನಗಳಲ್ಲಿ, ಸೋದರಮಾವನ ಬ್ಯಾರನ್ನನ್ನು ಅಳೆದು ಬರೆದ ಹತ್ತು ಪುಟ ಅದಕ್ಕಿಂತ ಹೆಚ್ಚು ತೂಗುತ್ತದೆ.

ಹಾಸನದ ಬಳಿಯ ಮಡೆನೂರಿನಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಆಶ್ರಯದಲ್ಲಿ 2007ರಲ್ಲಿ ಆರಂಭವಾದ ಜೈವಿಕ ಇಂಧನ ಉದ್ಯಾನ ಇನ್ನೊಂದು ದಾರಿ ತೋರಿಸಿತು. ಬದುವಿನಲ್ಲಿ ಹೊಂಗೆ, ಹಿಪ್ಪೆ, ಬೇವುಗಳನ್ನು ಬೆಳೆಸಿ, ಬೀಜದಿಂದ ಎಣ್ಣೆ ತೆಗೆದು, ಹಿಂಡಿಯನ್ನು ಹೊಲಕ್ಕೆ ಮರಳಿಸುವ ಆ ಯೋಚನೆ, ಹೊಂಗೆಯ ನೆರಳನ್ನೂ ಹೊಂಗೆಯೆಣ್ಣೆಯ ದೀಪವನ್ನೂ ಬಲ್ಲ ಈ ನಾಡಿನ ಅಜ್ಜಿಯರಿಗೆ ಹೊಸದಲ್ಲ.

ಪಶ್ಚಿಮಕ್ಕೆ ನೋಡಿದರೆ ಸ್ಯುರೆಲ್‌ನ ಪ್ರಶ್ನೆಯೇ ಎದುರಾಗುತ್ತದೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಯವರೆಗಿನ ರೈಲುಮಾರ್ಗ 57 ಸುರಂಗಗಳನ್ನು ಕೊರೆದು ಘಟ್ಟ ಇಳಿಯುತ್ತದೆ. ಎಂಜಿನಿಯರಿಂಗ್ ಸಾಹಸವೆಂದರೆ ಅದೇ. 2024ರ ಜುಲೈನಲ್ಲಿ ಎಡಕುಮೇರಿ ಮತ್ತು ಕಡಗರವಳ್ಳಿಯ ನಡುವೆ ಭೂಮಿ ಕುಸಿದು ಆ ಮಾರ್ಗದಲ್ಲಿ ಸಂಚಾರ ನಿಂತುಹೋಯಿತು. ಹಳಿಯನ್ನು ಸರಿಪಡಿಸುವ ಜ್ಞಾನ ಇಲಾಖೆಗಿದೆ. ಹಳ್ಳದ ಜಾಡು ಹಿಡಿದು ಮೇಲಕ್ಕೆ ಹತ್ತುವ, ಮೇಲಿನ ಕಾಡು, ತೋಟ, ರಸ್ತೆಗಳಲ್ಲಿ ಏನಾಗಿದೆ ಎಂದು ನೋಡುವ, ಅಲ್ಲಿರುವವರನ್ನು ಕೇಳುವ ಎಂಜಿನಿಯರ್ ಬೇಕಾಗಿದ್ದಾನೆ. ಆ ಎಂಜಿನಿಯರ್ ಹೆಣ್ಣುಮಗಳಾದರೆ ಇನ್ನೂ ಒಳ್ಳೆಯದು. ಸೌದೆ ಮತ್ತು ನೀರಿನ ದೂರವನ್ನು ಅವಳ ತಾಯಿ ಕಾಲಿನಲ್ಲಿ ಅಳೆದಿದ್ದಾಳೆ.

ವಿದ್ಯಾರ್ಥಿಗಳು ಪರೀಕ್ಷೆಗೆ ಓದಲಿ, ಒಳ್ಳೆಯ ರ‍್ಯಾಂಕು ಪಡೆಯಲಿ, ಟಾಟಾ ಸಂಸ್ಥೆಗಾಗಲಿ ಪ್ಯಾರಿಸಿಗಾಗಲಿ ಹೋಗಲಿ. ಹೊರಡುವ ಮುನ್ನ ಊರಿನ ಒಂದು ಪ್ರಶ್ನೆಯನ್ನು ಬರೆದುಕೊಂಡು ಹೋಗಲಿ: ಬ್ಯಾರನ್ನಿನ ಸೌದೆ, ಹೂಳು ತುಂಬಿದ ಕೆರೆ, ಬತ್ತಿದ ಬಾವಿ, ಯಾವುದಾದರೂ ಸರಿ. ಹಿರಿಯರಿಗೂ ಒಂದು ಕೆಲಸವಿದೆ. ಓದಿದ ಮಕ್ಕಳು ಹಬ್ಬಕ್ಕೆ ಬಂದಾಗ ಸಂಬಳ ಕೇಳುವುದರ ಜೊತೆಗೆ ಆ ಪ್ರಶ್ನೆ ಏನಾಯಿತು ಎಂದೂ ಕೇಳಬೇಕು. ಪುರದ ಜನ ನೀರು ಬೇಕೆಂದು ಬಾಯಿಬಿಟ್ಟು ಹೇಳಿದ್ದರಿಂದಲೇ ಆ ಎಂಜಿನ್ ಅವರ ನಲ್ಲಿಗೆ ನೀರೆತ್ತಿತು. ಈ ಹಂಗಾಮಿನ ಬ್ಯಾರನ್ ಬೆಂಕಿ ಹೊತ್ತುವ ಮೊದಲು, ಹೋಬಳಿಯ ಐದು ಬ್ಯಾರನ್ನುಗಳಲ್ಲಾದರೂ ಸೌದೆ ತೂಗುವ ಕೆಲಸವನ್ನು ರೈತರೂ ವಿದ್ಯಾರ್ಥಿಗಳೂ ಕೂಡಿ ಆರಂಭಿಸುವುದಾದರೆ ಈ ಸಭೆ ಸೇರಿದ್ದು ಸಾರ್ಥಕ.